ಎರಡು ಕಾಲಿನ ತಂತಿ

ತೇಮಾ ಬಂದರಿನಿಂದ ತಮಾಲೆಗೆ
ಎರಡು ರಾತ್ರಿ ಲಾರಿಯಲ್ಲಿ ಮಲಗಿ ಬಂದ ಮರದ ಪೆಟ್ಟಿಗೆ.
ಮೊಳೆ ಕಿತ್ತೆ. ನೋಡಿ ಸನಾತು ಮೇಡಂ, ನಿಮ್ಮ ಗಾಡಿ:
ಚಕ್ರಗಳನ್ನು ಬಗಲಿಗೆ ಒರಗಿಸಿಕೊಂಡು
ನಾಯಕನ ಅಂಗಳದಲ್ಲಿ ನಮಸ್ಕಾರಕ್ಕೆ ಕುಕ್ಕರಗಾಲಲ್ಲಿ ಕೂತವರ ಹಾಗೆ
ತಲೆ ತಗ್ಗಿಸಿ ಕೂತಿದೆ.
ಎಬ್ಬಿಸುವುದು ನನ್ನ ಕೆಲಸ.

ನೀವು ಬೇವಿನ ನೆರಳಿಗೆ ಬನ್ನಿ.
ಹರ್ಮಟಾನ್ ಗಾಳಿ, ಬಾಯಿ ತೆರೆದರೆ ಮರುಭೂಮಿ.
ನೀರಿನ ಪೊಟ್ಟಣ ಇದೆ, ತುದಿ ಕಚ್ಚಿ ಕುಡಿಯಿರಿ.

ಮೊದಲು ಮುಂದಿನ ಚಕ್ರ.
ಟೈರಿನ ಮೈಮೇಲೆ ಬಾಣದ ಗುರುತು ಕಂಡಿತೆ?
ಯಾವ ಕಡೆ ಉರುಳಬೇಕೆಂದು ರಬ್ಬರಿಗೂ ಒಂದು ಹಟ.
ಇಲ್ಲಿ ಈ ಸಣ್ಣ ಹಲ್ಲು ಆ ಸಣ್ಣ ಗುಳಿಯಲ್ಲಿ ಕೂರದಿದ್ದರೆ
ನೀವು ಸಾವೆಲುಗುವಿಗೆ ಹೋಗಿ ಬಂದರೂ
ಮೀಟರಿನ ಮುಳ್ಳು ಸೊನ್ನೆಯಲ್ಲೇ ಗೊರಕೆ ಹೊಡೆಯುತ್ತದೆ.

ವುಂಪಿನಿ, ಎತ್ತಮ್ಮಾ. ಸೊಂಟದಿಂದಲ್ಲ,
ಹೆಬ್ಬೆರಳು ಚಕ್ರದಡಿಗೆ ತೂರಿಸಿ, ಕೂದಲೆಳೆಯಷ್ಟು.
ಇನ್ನೊಂದು ಎಳೆ. ಸಾಕು.
ಗ್ರೀಸು ಸವರಿದ ಆಕ್ಸಲ್ ಹೇಗೆ ಹೋಯಿತು ನೋಡಿದೆಯಾ,
ತುಪ್ಪದನ್ನದಲ್ಲಿ ಬೆರಳು ಹೋದ ಹಾಗೆ.
ಸುತ್ತಿಗೆ ಕೆಳಗಿಡು. ಹೊಡೆದು ಒಳಗೆ ಹಾಕಿದ್ದನ್ನು
ಹೊಡೆದೇ ಹೊರಗೆ ತೆಗೆಯಬೇಕಾಗುತ್ತದೆ.

ಹಿಂದಿನ ಚಕ್ರದ್ದು ದೊಡ್ಡ ಸಂಸಾರ.
ಬುಷ್ಷು, ವಾಷರು, ಚೈನು, ಬ್ರೇಕಿನ ಕಡ್ಡಿ,
ಒಬ್ಬರನ್ನು ಕರೆಯಲು ಮರೆತರೆ ಉಳಿದವರು ದಾರಿಯುದ್ದಕ್ಕೂ ಗೊಣಗುತ್ತಾರೆ.
ಎಡಗಡೆ ಮೂರನೇ ಗೀರು, ಬಲಗಡೆ ಮೂರೂವರೆ:
ಚಕ್ರ ಓರೆಗಣ್ಣು ಬಿಡುತ್ತಿದೆ. ಕಾಲು ಸುತ್ತು ಹಿಂದೆ.
ಈಗ ನೇರ.

ಇನ್ನು ಪಿನ್ನು.
ಪಿನ್ನೆಲ್ಲಿ?
ಬೋಲ್ಟಿನ ಚೀಲ ಬಟ್ಟೆಯ ಮೇಲೆ ಸುರಿದು
ಎರಡು ಸಲ ಬೆರಳಾಡಿಸಿದೆ. ಮರದ ಹೊಟ್ಟನ್ನೂ ಕೆದಕಿದೆವು.
ಇಲ್ಲ.
ಈ ನಟ್ಟಿನ ನೆತ್ತಿಗೆ ಕೋಟೆಯ ತೆನೆಗಳುಂಟು,
ಒಳಗೆ ಕಾವಲುಗಾರ ಇಲ್ಲ.

ಗೊತ್ತು, ನಾಂಟನ್‌ನಲ್ಲಿ ಒಬ್ಬಳಿಗೆ ದಿನ ತುಂಬಿದೆ,
ಬಾಯಿಬಿಟ್ಟು ಹೇಳದಿದ್ದರೂ ನಿಮ್ಮ ಕಣ್ಣು ರಸ್ತೆ ಬಿಟ್ಟು ಕದಲಿಲ್ಲ.
ನಟ್ಟು ಬಿಗಿಯಾಗಿದೆ ಅಂತೀರಿ. ಬಿಗಿಯಾಗಿಯೇ ಇದೆ,
ನನ್ನ ಅಂಗಳದಲ್ಲಿ.
ನಾಪಾರಿಗೂ ಹೀಗೇ ಬಿಗಿದು ಕೊಟ್ಟಿದ್ದೆ,
ಹನ್ನೊಂದು ವರ್ಷವಾಯಿತು. ಅವನಿಗೂ ಅವಸರ.
ಪಿನ್ನು ನಾಳೆ ಹಾಕಿದರಾಯಿತು ಎಂದ, ನಾನೂ ಹೂಂ ಎಂದೆ.
ಯೆಂಡಿ ರಸ್ತೆ ಸೋಸುವ ಜರಡಿ, ಮೇಡಂ.
ನಾಲ್ಕನೆಯ ದಿನ ಆ ನಟ್ಟು ಸಿಕ್ಕಿತು,
ಮೇಕೆ ಕಾಯುವ ಹುಡುಗನೊಬ್ಬನ ಜೇಬಿನಲ್ಲಿ,
ಆಡುವ ಕಲ್ಲುಗಳ ಜೊತೆ.
ಆ ತಗಡಿನ ಡಬ್ಬಿಯಲ್ಲಿ ಇಟ್ಟಿದ್ದೇನೆ.
ಒಳ್ಳೆಯ ನಟ್ಟು. ಯಾವ ಗಾಡಿಗೂ ಹಾಕಿಲ್ಲ.

ಓಡು ವುಂಪಿನಿ, ಸೈಕಲ್ ತಗೊ.
ಒಂದು ಸೆಡಿಗೆ ಹಿಡಿಯಷ್ಟು ಕೊಡುತ್ತಾನೆ, ದಪ್ಪ ಅಳೆದು ತಾ.

ಅಲ್ಲಿಯವರೆಗೆ ತಿರುಗಿಸಿ ಕೇಳೋಣ.
ಕಿವಿ ಹತ್ತಿರ ತನ್ನಿ. ಮಾತಿಲ್ಲ, ಬರೀ ಉಸಿರು.
ಹೊಟ್ಟೆಯ ಮೇಲೆ ಕೊಳವೆ ಇಟ್ಟು ಒಳಗಿನವರನ್ನು ಕೇಳುವಿರಲ್ಲ,
ಬಂದವರ ಬೆರಳು ಎಣಿಸದೆ ತಾಯಿಯ ಕೈಗೆ ಕೊಡುವಿರಾ?
ಹಾಗೆಯೇ ಇದೂ.

ಬಂದಳು. ಧೂಳಿನಲ್ಲಿ ಹುಬ್ಬೂ ಕೆಂಪು.
ತೂರಿಸು. ಒಂದು ಕಾಲು ಮುಂದಕ್ಕೆ ಬಗ್ಗಿಸು,
ಒಂದು ಹಿಂದಕ್ಕೆ.
ಇಷ್ಟೇ. ಚಹಾಕ್ಕಿಂತ ಅಗ್ಗ.

ಹೊರಡಿ. ವಾರ ಬಿಟ್ಟು ಬನ್ನಿ, ಮತ್ತೊಮ್ಮೆ ಬಿಗಿಯಬೇಕು,
ಹೊಸ ಕಬ್ಬಿಣ ಮೈ ಸಡಿಲಿಸುತ್ತದೆ. ಕಾಸು ಬೇಡ.
ಪೆಟ್ಟಿಗೆಯ ಹಲಗೆ ಮಾತ್ರ ನನಗಿರಲಿ:
ಈ ಹುಡುಗಿ ಇನ್ನೂ ನೆಲದ ಮೇಲೆ ಕೂತೇ ಕೆಲಸ ಮಾಡುತ್ತಾಳೆ.