ಬೊಟ್ಟು

ಆ ನೀಲಿ ನಾನೇ ಆರಿಸಿದ್ದು.
ಸಾಲಗಾಮೆ ರಸ್ತೆಯ ಬೇಕರಿ ಮೇಲಿನ ಕೋಣೆಯಲ್ಲಿ
ದಿಲ್‌ಪಸಂದಿನ ವಾಸನೆ ಮೆಟ್ಟಿಲೇರಿ ಬರುವ ಹೊತ್ತಿಗೆ
ಹನ್ನೊಂದು ನೀಲಿಗಳನ್ನು ಪಕ್ಕಪಕ್ಕ ಇಟ್ಟು
ಕಣ್ಣು ಕಿರಿದು ಮಾಡಿ, ದೂರ ನಿಂತು, ಹತ್ತಿರ ಬಂದು,
ಒಂದನ್ನು ಆರಿಸಿದೆ.
ಹಳೆಯ ಪರದೆ ಸಂತೆ ಮುಗಿದ ಬಯಲಿನ ಹಾಗಿತ್ತು,
ಹಸಿರು ಕೆಂಪು ಅರಿಶಿನ ಒಂದರ ಮೇಲೊಂದು,
ಲೀಟರಿನ ಮಗ್ಗುಲಲ್ಲಿ ಫ್ಯಾಟು,
ಫ್ಯಾಟಿನ ಹೊಟ್ಟೆಯಲ್ಲಿ ದಿನಾಂಕ.
ಗುಡಿಸಿದೆ. ಸಾರಿಸಿದೆ.
ನನಗೆ ಸರಿಯೆನಿಸಿದಲ್ಲಿ ಬಾಗಿಲಿಟ್ಟೆ.

ಸೋಮವಾರ ಬೆಳಗ್ಗೆ ಐದೂ ಮುಕ್ಕಾಲಿಗೆ ಮೊದಲ ಫೋನು.

ಜಾವಗಲ್ಲಿನ ಕಡೆಯ ಕಾರ್ಯದರ್ಶಿ: “ಹಳೇದು ಕೊಡಿ.”
ಮೊಸಳೆಹೊಸಳ್ಳಿಯವರು: “ಅಕ್ಷರ ಇರುವೆ ಸಾಲು,
ಕನ್ನಡಕಾನೂ ನೀವೇ ಕಳಿಸಿ.”
ದುದ್ದದಾತ ಮಾತೇ ಆಡಲಿಲ್ಲ,
ಫೋನನ್ನು ಬಾಗಿಲ ಕಡೆ ಹಿಡಿದ.
ಕ್ಯಾನು ಹಿಡಿದು ನಿಂತವರ ಬೈಗುಳ ನೇರ ಬಂತು,
ಅದರ ಹಿಂದೆ ಒಂದು ಕರು.

ನನ್ನ ಹತ್ತಿರ ಉತ್ತರ ಸಿದ್ಧವಿತ್ತು,
ಅಫ್ರೋಜ್ ಸರ್ ಬರೆದುಕೊಟ್ಟದ್ದು:
ತಮ್ಮ ಅಭಿಪ್ರಾಯ ನಮಗೆ ಅಮೂಲ್ಯ.
ಕೆಲವೇ ದಿನಗಳಲ್ಲಿ ತಮಗೆ ಅಭ್ಯಾಸವಾಗಲಿದೆ.
ನಲವತ್ತೊಂದು ಸಲ ಓದಿದೆ.

ನಲವತ್ತೆರಡನೆಯದು ಕಟ್ಟಾಯದ ಆಚೆಯ ಹಳ್ಳಿಯಿಂದ,
ಹಾಲು ಅಳೆಯುವ ದ್ಯಾವೀರಮ್ಮ.
“ಬೆಳಗಿನ ಹಾಲು ಎಲ್ಲೋಯ್ತವ್ವ?”
ಕೂಗಲಿಲ್ಲ. ಕತ್ತಲಾದರೂ ಕೊಟ್ಟಿಗೆಗೆ ಬಾರದ ಹಸುವನ್ನು
ಅಕ್ಕಪಕ್ಕದವರಲ್ಲಿ ವಿಚಾರಿಸುವ ಹಾಗೆ ಕೇಳಿದರು.
ನೂರಾ ಹದಿನೆಂಟು ಮನೆಯ ಹಾಲು.
ಟ್ಯಾಂಕರು ಒಯ್ದಿದೆ, ಲೆಕ್ಕದಲ್ಲಿಲ್ಲ.

“ಖಾತ್ರಿಯೇ ಅಂತ ಕೇಳಿರಬೇಕಲ್ಲಮ್ಮ?”
“ಕೇಳ್ತು. ಐದು ವರ್ಷದಿಂದ ನನ್ನ ಒಂದು ಮಾತೂ ಕೇಳ್ದಿದ್ದು
ಇವತ್ತು ಮರ್ವಾದೆಯಾಗಿ ಕೇಳ್ತಲ್ಲ ಅಂತ
ಹೂಂ ಅಂದೆ.”

ಮಾರನೆಯ ದಿನ ಕಟ್ಟಾಯದ ಬಸ್ಸು ಹಿಡಿದೆ.
ಹೋಗೆಂದು ಯಾರೂ ಹೇಳಿರಲಿಲ್ಲ.

ಸಂಘದ ಕೋಣೆ. ತೊಳೆದ ಸಿಮೆಂಟು, ಹೋಗದ ಹುಳಿ ವಾಸನೆ.
ಪರದೆಯ ಗಾಜಿನ ಮೇಲೆ, ಬಲಗಡೆ ಕೆಳಗೆ,
ಒಂದು ಬೊಟ್ಟು. ಹಣೆಗೆ ಅಂಟಿಸುವಂಥದ್ದು,
ಮೆರೂನು, ಅಂಚು ಸವೆದದ್ದು.

“ಓದಕ್ಕೆ ಬರ್ತದೆ ಕಣವ್ವ, ಹೊತ್ತೆಲ್ಲಿ?
ಕೈ ಒದ್ದೆ, ಸಾಲು ಹುಣಸೆಮರ ದಾಟಿರ್ತದೆ.
ಬಾಣ ತಂದು ಬೊಟ್ಟಿನಡಿ ನಿಲ್ಸು, ಟಕ್ ಅನ್ಸು.
ನನ್ನ ಸೊಸೆಗೂ ಹಂಗೇ ಹೇಳ್ಕೊಟ್ಟಿದ್ದೆ.”

ಬೊಟ್ಟಿನಡಿ ಮೊನ್ನೆಯವರೆಗೆ ‘ಉಳಿಸು’ ಇತ್ತು.
ಅಂದಕ್ಕೆಂದು ಅದನ್ನು ಮೇಲಕ್ಕೆ ಕಳಿಸಿ
ಆ ಜಾಗದಲ್ಲಿ ‘ಅಳಿಸು’ ಕೂರಿಸಿದವಳು ನಾನು.
ಒಂದಕ್ಷರದ ಅಂತರ.
ಎರಡಕ್ಕೂ ಅದೇ ನೀಲಿ.

ದ್ಯಾವೀರಮ್ಮ ನನ್ನತ್ತ ಬೊಟ್ಟು ಮಾಡಲಿಲ್ಲ.
ಸ್ಟೂಲು ಎಳೆದು ಸೆರಗಿನಿಂದ ಒರೆಸಿ
“ಕಾಫಿ ಕುಡೀತೀಯ? ಹಾಲಿಗೇನು ಬರ” ಅಂದರು.
ನಗಲೋ ಬೇಡವೋ ತಿಳಿಯಲಿಲ್ಲ.

ಅಳಿದದ್ದು ಪೂರ್ತಿ ಅಳಿದಿರಲಿಲ್ಲ.
ಯಂತ್ರದ ಯಾವುದೋ ಸಂದಿಯಿಂದ ಒಂದೊಂದೇ ಹೆಕ್ಕಿ
ಸಂಜೆಯ ಸಾಲು ಬೆಳೆಯುವ ಮೊದಲು
ನೂರಾ ಹದಿನೇಳು ತಂದೆ.
ಅರವತ್ತಮೂರನೆಯ ನಂಬರು ಸಿಗಲೇ ಇಲ್ಲ.
“ಅದು ನಿಂಗರಾಜಿದು. ಎರಡೂವರೆ ಲೀಟ್ರು,
ನಾಲ್ಕು ಪಾಯಿಂಟ್ ಎರಡು. ಬರ್ಕೋ,”
ಎಂದರು ದ್ಯಾವೀರಮ್ಮ, ಕ್ಯಾನಿನಿಂದ ತಲೆಯೆತ್ತದೆ.

ಬರೆದುಕೊಂಡೆ.

‘ಉಳಿಸು’ ಈಗ ಮತ್ತೆ ಬಲಗಡೆ ಕೆಳಗಿದೆ.
ಇಲ್ಲೇ ಯಾಕೆ, ಯಾವ ನಿಯಮ ಎಂದು ಆಫೀಸಲ್ಲಿ ಕೇಳಿದರು.
ಸವೆದ ಅಂಚಿನ ಮಾತನ್ನು ಯಾವ ಕಾಲಮ್ಮಿನಲ್ಲಿ ತುಂಬಲಿ?
ಅಫ್ರೋಜ್ ಸರ್‌ರ ಎರಡು ಸಾಲು ಓದುವುದು ಬಿಟ್ಟಿದ್ದೇನೆ;
“ಎಲ್ಲಿ ಕೂತಿದ್ದೀರಿ, ಕೈ ಎಲ್ಲಿಗೆ ಹೋಗುತ್ತೆ?” ಅನ್ನುತ್ತೇನೆ,
ಒಂದೊಂದು ಫೋನಿಗೆ ಅರ್ಧ ಗಂಟೆ ಹಿಡಿಯುತ್ತದೆ.
ಜಾವಗಲ್ಲಿನವರಿಗೆ ಹಳೆಯದು ಕೊಟ್ಟಿಲ್ಲ, ಕೊಡಲಾರೆ.
ಅವರು ಇನ್ನೂ ದಿನಾ ಬೈಯುತ್ತಾರೆ.

ನೀಲಿಯ ಬಗ್ಗೆ ಮಾತ್ರ
ಇವತ್ತಿನವರೆಗೆ ಯಾರೂ ಏನೂ ಅಂದಿಲ್ಲ,
ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ.