ಮೊಣಕೈ ಲೆಕ್ಕ

ಎರಡನೇ ಪಿತ್ತಕೋಶ ಮುಗಿಸಿ ಕೈಗವಸು ಕಳಚುವಾಗ
ಗೊತ್ತಾಯಿತು: ಬಲಗೈ ಹೆಬ್ಬೆರಳು ನನ್ನದಲ್ಲ.
ಚಿವುಟಿ ನೋಡಿದೆ.
ಬೀಗ ಹಾಕಿದ ಮನೆಯ ಕದ ತಟ್ಟಿದ ಹಾಗೆ.

ಯಾರಿಗೂ ಹೇಳಲಿಲ್ಲ. ನಮ್ಮಲ್ಲಿ ಹೇಳುವ ರೂಢಿಯಿಲ್ಲ.
ಸೊಂಟಕ್ಕೆ ಪಟ್ಟಿ ಬಿಗಿದು, ಮೇಲೆ ಗೌನು ತೊಟ್ಟು,
ಹನಿ ನೀರಿಲ್ಲದೆ ಎಂಟು ತಾಸು ನಿಂತ ಮೇಷ್ಟ್ರ ಕಥೆಯನ್ನು
ಪುರಾಣದಂತೆ ಹೇಳಿಕೊಂಡು ಬೆಳೆದವರು ನಾವು.
ರಿಟೈರಾದ ಮೇಲೆ ಅವರನ್ನು ಯಾರಾದರೂ ಕೂಗಿದರೆ
ಕತ್ತು ತಿರುಗದೆ ಇಡೀ ಮೈಯನ್ನೇ
ಎತ್ತಿನಗಾಡಿಯ ಹಾಗೆ ತಿರುಗಿಸುತ್ತಿದ್ದುದು
ಆ ಪುರಾಣದಲ್ಲಿ ಬರುವುದಿಲ್ಲ.

ನಾನು ನಾಲ್ಕಡಿ ಹನ್ನೊಂದಿಂಚು.
ಮೇಜು ಮಾಡಿದವನು ನನ್ನನ್ನು ನೆನೆದು ಮಾಡಿದ್ದಲ್ಲ.
ಸ್ಟೇಪ್ಲರಿನ ಹಿಡಿ ಯಾರೋ ಪೈಲ್ವಾನನ ಅಂಗೈಯದು,
ಎರಡೂ ಕೈ ಸೇರಿಸಿ, ನೆಂದ ಜಮಖಾನೆ ಹಿಂಡುವಂತೆ ಒತ್ತಬೇಕು.
ಪರದೆ ಗೋಡೆಯಲ್ಲಿ, ದೇವರ ಪಟದೆತ್ತರ.
ಹತ್ತೊಂಬತ್ತು ವರ್ಷ ಕತ್ತೆತ್ತಿ ನೋಡಿದ್ದೇನೆ,
ಭುಜಗಳೆರಡನ್ನೂ ಕಿವಿಗೆ ಆನಿಸಿ.
ಪ್ರಸಾದವೂ ಸಿಕ್ಕಿತು:
ಕತ್ತಿನ ಐದನೇ ಆರನೇ ಮೂಳೆಯ ನಡುವೆ.

ಮಧ್ಯಾಹ್ನದ ಓಪಿಡಿಗೆ
ಮಂಡಕ್ಕಿ ಭಟ್ಟಿಯ ಹಜರತ್‌ಬಿ ಬಂದಳು, ಹರ್ನಿಯಾದ ಗಾಯ ತೋರಿಸಲು.
ಹುಬ್ಬಿನಲ್ಲಿ ಹೊಟ್ಟಿನ ಬೂದಿ.
ಬಾಗಿ ಚೀಲ ಎತ್ತಬೇಡ, ಮಂಡಿ ಮಡಚು,
ತಾಸಿಗೊಮ್ಮೆ ಜರಡಿ ಕೆಳಗಿಡು, ಕೈ ಬದಲಿಸು,
ಪಾಠ ಒಪ್ಪಿಸಿದಂತೆ ಎಲ್ಲ ಹೇಳಿದೆ.
ಅವಳು ನನ್ನ ಚೀಟಿಯನ್ನಲ್ಲ, ಕೈಯನ್ನು ನೋಡುತ್ತಿದ್ದಳು.
"ಅದ್ಸರಿ ಡಾಕ್ಟ್ರಮ್ಮ, ನಿಮ್ ಪೆನ್ನು ಯಾಕ್ ಹಂಗ್ ಜಾರ್ತತಿ?"

ಬಾಗಿಲ ಬಳಿ ನಿಂತಿದ್ದ ಕೊಟ್ರಬಸಪ್ಪನಿಗೆ ಕೇಳಿಸಿತು.
ನಮ್ಮ ಥಿಯೇಟರಿನ ಅಟೆಂಡರು.
ಅವನಪ್ಪ ಹತ್ತಿ ಮಿಲ್ಲಿನಲ್ಲಿದ್ದವರು,
ಮಿಲ್ಲಿಗಿಂತ ಮೊದಲು ಅವರ ಭುಜ ಬಾಗಿಲು ಹಾಕಿತ್ತಂತೆ.
ಮರುದಿನ ಅವಧಿ ಮೀರಿದ ರೇಷ್ಮೆ ದಾರ ತಂದ,
ನಿಂತ್ಕಳ್ರಿ ಮೇಡಂ, ಅಂದ,
ನೆಲದಿಂದ ಮೊಣಕೈವರೆಗೆ ಅಳೆದು ಗಂಟು ಹಾಕಿದ.
"ಮಗ್ಗ ಮೊಣಕೈಗೆ ಬರ್ಬೇಕು, ಮೊಣಕೈ ಮಗ್ಗಕ್ಕೆ ಹೋಗ್ಬಾರ್ದು,
ಅಪ್ಪ ಅಂತಿದ್ದ. ಅಂದಿದ್ದು ಕೈ ಹೋದ್ಮೇಲೆ."

ಮೇಜು ನನ್ನ ಗಂಟಿಗೆ ಇಳಿಯಿತು.
ಆದರೆ ಎದುರಿಗೆ ಹರಪನಹಳ್ಳಿಯ ಕರಿಬಸವ, ಪೀಜಿ ಹುಡುಗ,
ಆರಡಿ ಎರಡಿಂಚು, ಕ್ಯಾಮೆರಾ ಹಿಡಿದು
ಬಾಳೆಗೊನೆಯ ಹಾಗೆ ಬಾಗಿದ್ದ. ನನ್ನ ಸುಖಕ್ಕೆ
ಇಪ್ಪತ್ತಾರರ ಬೆನ್ನು.
ಮತ್ತೆ ದಾರ ಬಂತು. ಈ ಸಲ ಅವನ ಗಂಟಿಗೆ ಮೇಜು,
ನನಗೆ ಹಲಗೆ, ಹಳೇ ಪ್ಯಾಕಿಂಗ್ ಪೆಟ್ಟಿಗೆ ಒಡೆದದ್ದು.
ಮೊದಲ ದಿನ ಹಲಗೆ ಕುಂಟಿತು,
ಸುಡುವ ಪೆಡಲ್ಲು ನೆಲದಲ್ಲೇ ಉಳಿದು
ನನ್ನ ಕಾಲು ಗಾಳಿಯಲ್ಲಿ ತಡಕಾಡಿತು,
ಸಿಸ್ಟರ್ ಗಂಗೂಬಾಯಿ ಮಾಸ್ಕಿನೊಳಗೇ ನಕ್ಕರು.
ಎರಡನೇ ದಿನ ಪೆಡಲಿಗೂ ಒಂದು ಮೆಟ್ಟಿಲು ಮೊಳೆ ಹೊಡೆದ.
ಪರದೆಯನ್ನು ಗೋಡೆಯಿಂದ ಇಳಿಸಲು ಮಾತ್ರ
ಆಡಳಿತಕ್ಕೆ ಮೂರು ಅರ್ಜಿ, ಒಂದು ಜಗಳ.

ಈಗ ಅರಿವಳಿಕೆಯ ಚಂದ್ರಮೌಳಿಯ ಫೋನು
ನಲವತ್ತು ನಿಮಿಷಕ್ಕೊಮ್ಮೆ ಕೋಳಿಯಂತೆ ಕೂಗುತ್ತದೆ.
ಎಲ್ಲರೂ ಕೆಲಸ ತಡೆದು ಭುಜ ಇಳಿಸುತ್ತೇವೆ.
ಒಂದು ನಿಮಿಷ. ನಾಚಿಕೆಯ ನಿಮಿಷ, ಮೊದಮೊದಲು.
ಮಲಗಿದವರ ಉಸಿರು ಯಂತ್ರದಲ್ಲಿ ಏರಿಳಿಯುವುದು
ಅಷ್ಟು ವರ್ಷ ನಿಂತರೂ ನನಗೆ ಕೇಳಿಸಿರಲಿಲ್ಲ.

ಸ್ಟ್ಯಾಂಡಿಗೆ ಕಟ್ಟಿದ ದಾರದಲ್ಲಿ ಏಳು ಗಂಟು, ಏಳು ಜನ.
ಶಸ್ತ್ರಕ್ರಿಯೆಯ ಹಾಳೆ ತುಂಬುತ್ತೇನೆ:
ಹೋದ ರಕ್ತ, ಎಣಿಸಿದ ಬಟ್ಟೆ, ಹಾಕಿದ ಹೊಲಿಗೆ.
ಮಾಡಿದವರ ಮೈಗೆ ಕಾಲಂ ಇಲ್ಲ.
ಅಂಚಿನಲ್ಲಿ, ಚಿಕ್ಕದಾಗಿ, ಜಾರುವ ಅಕ್ಷರದಲ್ಲಿ ಬರೆದೆ:
ಹೆಬ್ಬೆರಳು, ಇನ್ನೂ ಅರ್ಧ.