ಹನ್ನೊಂದು ಅಂಗಿ

ಶಹಾಪುರದ ಖಡೇಬಜಾರದಾಗ
ಹಂಜಿಯವರ ಸೀರಿ ಅಂಗಡಿಗೆ
ನಮ್ಮಪ್ಪ ಹೊಡದ ಖಾನೆ ಇನ್ನೂರಾ ಹದಿನಾರು.
ಸಾಗವಾನಿ. ಇವತ್ತಿಗೂ ಒಂದಕ್ಕೂ ಹುಳ ಹತ್ತಿಲ್ಲ.
ಅವನ್ನ ಬಿಚ್ಚಾಕ ನನ್ನ ಕರೆಸಿದ್ರು.

"ಮೌನೇಶಣ್ಣಾ, ಎಲ್ಲಾ ತಗೀರಿ," ಅಂದ್ಳು ಪ್ರಣೀತಾ,
ಚನ್ನಮಲ್ಲಪ್ಪನವರ ಸ್ವಾದರ ಸೊಸಿ.
"ಗಾದಿ, ಲೋಡು, ಗಾಜಿನ ಕಪಾಟು, ಹದಿನಾಕು ಟ್ಯೂಬ್‌ಲೈಟು.
ಈ ಗ್ವಾಡಿಯಿಂದ ಆ ಗ್ವಾಡಿತನಕ ಒಂದ ಸಲಾಕಿ.
ಅದರ ಮ್ಯಾಲ ಹನ್ನೊಂದು ಅಂಗಿ, ಗುಳೇದಗುಡ್ಡದ ಖಣದ್ದು."
"ಉಳದ ಮಾಲು?"
"ಮಾಲು ಅಷ್ಟರಿ."

ಕಾಗದದ ಮ್ಯಾಲ ಗೆರಿ ಎಳದು ತೋರಿಸಿದ್ಳು.
ಮುಕ್ಕಾಲು ಕಾಗದ ಖಾಲಿ.
ಇನ್ನೂ ಬರಿಯೂದು ಐತೇನೋ ಅಂತ ನಿಂತೆ.
ಮುಗದಿತ್ತು.

ಬಿಚ್ಚೂದು ಸಸಾರ ಅನಕೊಂಡಿದ್ದೆ.
ಖಾನೆ ಇದ್ದಾಗ ಪಟ್ಟಿ ಹೊಡದು ಸಂದಿ ಮುಚ್ಚತಿದ್ವಿ,
ಸೊಟ್ಟ ಗ್ವಾಡಿಗೆ ಸೀರಿ ಅಡ್ಡ ನಿಂದರತಿದ್ವು.
ಈಗ ಸಲಾಕಿ ಒಂದು ನೂಲು ಇಳದ್ರೂ
ರಸ್ತಾದಾಗ ಹಾಲಿನಾಂವ ಸೈಕಲ್ ನಿಲ್ಲಿಸಿ ಹೇಳತಾನ.
ಮೂರು ಸಲ ಕಿತ್ತೆ, ಮೂರು ಸಲ ಕೂಡಿಸಿದೆ.
ಏನೂ ಇರಲಾರದ ಖೋಲಿಯಾಗ
ನನ್ನ ಕೈ ಒಂದ ಕಾಣತಿತ್ತು.

ಕಡೀ ಸಾಲು ಕಿತ್ತಾಗ ಹಿಂದ ಸುಣ್ಣದ ಮ್ಯಾಲ
ಅಪ್ಪನ ಪೆನ್ಸಿಲ್ಲು:
ಉದ್ದ, ಅಗಲ, ಕೂಡಿಸಿ ಕಳದ ಲೆಕ್ಕ,
ಕೆಳಗ ಸಣ್ಣದಾಗಿ, "ಹಂಜಿ ಕಡೆ ೧೫ ಬಾಕಿ."
ಉಳಿ ಕೆಳಗಿಟ್ಟು ಒಂದು ಬೀಡಿ ಸೇದಿದೆ.

ದಸ್ತಗೀರ ಬಣ್ಣಾ ಹೊಡದ, ಬೆಳ್ಳನ್ನ ಬಿಳಿ.
ಮರದಿನ ಗ್ವಾಡಿ ಮ್ಯಾಲ ಏಳು ದುಂಡನ್ನ ಕಲಿ ಎದ್ದುವು,
ಗಾದಿ ಇದ್ದಲ್ಲೆ, ತಲಿ ಎತ್ತರಕ್ಕ.
ಇನ್ನೊಂದು ಕೈ ಹೊಡದ. ಮತ್ತ ಎದ್ದುವು.
ಹೆಂಡರು ಸೀರಿ ಆರಿಸೂತನಕ
ಒರಗಿ ತೂಕಡಿಸಿದ ಗಂಡಂದಿರ ತಲಿ ಎಣ್ಣಿ,
ನಲವತ್ತು ವರ್ಷದ್ದು.
ಪ್ರಣೀತಾ ಬಾಳೊತ್ತು ನೋಡಿದ್ಳು.
"ಬಿಡ್ರಿ," ಅಂದ್ಳು. "ಆ ಕಡೆ ಏನೂ ತೂಗಹಾಕೂದು ಬ್ಯಾಡ."

ಗುರುಶಾಂತಪ್ಪಂದ ಚಿಂತಿ ಆಗಿತ್ತು ನನಗ.
ಆ ಅಂಗಡ್ಯಾಗ ಅವನ ಕೆಲಸ ಮಡಚೂದು.
ಒಂದು ಸೀರಿ ಮಾರಾಕ ನಲವತ್ತು ಹರವತಿದ್ರು,
ಉಳದ ಮೂವತ್ತೊಂಬತ್ತು ಅವನ ಪಾಲು,
ನಿರಿಗಿ ನಿರಿಗಿಗೆ ಕೂಡಿಸಿ, ಅಂಚಿಗೆ ಅಂಚು ಹಚ್ಚಿ,
ರಾತ್ರಿ ಒಂಬತ್ತರತನಕ.
ಈಗ ಮಡಚೂವಂಥದ್ದು ಒಂದೂ ಇಲ್ಲ.

ಮೊದಲನೇ ದಿನ ಹುಕ್ಕೇರಿಯಿಂದ ಬಂದ ಅಕ್ಕಾರು
ಒಳಗ ಕಾಲಿಟ್ಟು ದನಿ ಸಣ್ಣ ಮಾಡಿ ಕೇಳಿದ್ರು:
"ಅಂಗಡಿ ಖಾಲಿ ಮಾಡಾಕ್ಹತ್ತೀರೇನ್ರಿ, ಪಾಪ?"
ಆದ್ರೂ ಒಂದು ಅಂಗಿ ತೋಳು ಹಿಡದು ನೋಡಿದ್ರು,
ಎಲ್ಲಾ ನೋಡಾಕ ಇಲ್ದಿದ್ದಕ್ಕ
ಅದನ್ನ ಒಂದ ನೋಡಿದ್ರು, ಕಾಲ್ತಾಸು,
ಎಳಿ ಎಣಿಸೂವಂಗ.
ತಗೊಳ್ಳಲಿಲ್ಲ.

ಅವರು ಹೋದಮ್ಯಾಲ ಗುರುಶಾಂತಪ್ಪ ಎದ್ದ.
ಸರದ ಅಂಗಿ ತನ್ನ ಜಾಗಾಕ್ಕ ತಂದ,
ನಡಬರಕ ನಾಕು ಬಟ್ಟು ಇಟ್ಟು ಅಳದ,
ಮುಂದಿನದಕ್ಕ ಮತ್ತ ನಾಕು ಬಟ್ಟು,
ಆ ಕಡಿಂದ ಈ ಕಡಿತನಕ, ಹತ್ತು ಸಂದಿ.
ಯಾರೂ ಹೇಳಿರಲಿಲ್ಲ ಅವನಿಗೆ.

ಸಂಜಿಗೆ ಬಿಲ್ಲು ಬರದು ಕೊಟ್ಟೆ.
ಖಾನೆ ಬಿಚ್ಚಿದ್ದು. ಸಲಾಕಿ ಒಂದು.
ಹಳೇ ಬಾಕಿ, ಹದಿನೈದು ರೂಪಾಯಿ.
"ಇದೇನ್ರಿ ಅಣ್ಣಾ?" ಅಂದ್ಳು.
ತೋರಸಾಕ ಗ್ವಾಡಿ ಕಡೆ ಕೈ ಎತ್ತಿದೆ.
ಎಣ್ಣಿ ಇತ್ತು, ಏಳೂ ಜಾಗಾದಾಗ.
ಪೆನ್ಸಿಲ್ಲು ಇರಲಿಲ್ಲ.